ಪೆನ್ಸಿಲ್

ಪೆನ್ಸಿಲ್ ಅಥವಾ ಸೀಸದ ಕಡ್ಡಿಯು ಬರೆಯಲು, ಗೆರೆ ಎಳೆಯಲು ಹಾಗೂ ಚಿತ್ರ ಬಿಡಿಸಲು ಬಳಸುವ ಒಂದು ಸಾಧನ. ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣದಿಂದ ಮಾಡಿದ ತೆಳುವಾದ ಕಡ್ಡಿಯನ್ನು ಮರದ ಕವಚದೊಳಗೆ ಕೂರಿಸಿದ ರೂಪವು ಇದರ ಅತ್ಯಂತ ಪರಿಚಿತ ರೂಪವಾಗಿದೆ. ಶಾಲೆ, ಕಚೇರಿ, ಮನೆ, ಬಡಗಿಯ ಕಾರ್ಯಾಗಾರ, ವಾಸ್ತುಶಿಲ್ಪಿಯ ಮೇಜು ಮತ್ತು ಚಿತ್ರಕಾರನ ಕೊಠಡಿಗಳಲ್ಲೆಲ್ಲ ಇದು ದಿನನಿತ್ಯದ ಬಳಕೆಯಲ್ಲಿದೆ.

ಪೆನ್ಸಿಲ್ಲಿನ ಬರಹವನ್ನು ರಬ್ಬರಿನಿಂದ ಅಳಿಸಬಹುದು. ಆದುದರಿಂದ ಅದು ತಾತ್ಕಾಲಿಕವಾದುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಗ್ರಾಫೈಟ್ ಇಂಗಾಲದ ಒಂದು ರೂಪವಾಗಿರುವುದರಿಂದ ಬಿಸಿಲಿಗೆ ಮಾಸುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ, ಕಾಗದವನ್ನು ಕೆಡಿಸುವುದೂ ಇಲ್ಲ. ಮನುಷ್ಯನು ಬಯಸಿದಾಗ ಅಳಿಯುವ, ಆದರೆ ಕಾಲಕ್ಕೆ ಸುಲಭವಾಗಿ ಅಳಿಯದ ಈ ಗುಣವೇ ಪೆನ್ಸಿಲ್ಲನ್ನು ಇತರ ಲೇಖನ ಸಾಧನಗಳಿಂದ ಬೇರ್ಪಡಿಸುತ್ತದೆ.

ಹೆಸರು ಮತ್ತು ಪದಮೂಲ

'ಪೆನ್ಸಿಲ್' ಎಂಬ ಪದವು ಲ್ಯಾಟಿನ್ ಭಾಷೆಯ 'ಪೆನಿಸಿಲಸ್' ಎಂಬ ಪದದಿಂದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. 'ಪೆನಿಸಿಲಸ್' ಎಂದರೆ ಪುಟ್ಟ ಬಾಲ. ಕೂದಲಿನಿಂದ ಮಾಡಿದ ಸಣ್ಣ ಕುಂಚಕ್ಕೆ ಈ ಹೆಸರಿತ್ತು. ಕುಂಚದಂತೆ ಕಾಣುವ ಶಿಲೀಂಧ್ರದಿಂದ ಹೆಸರು ಪಡೆದ 'ಪೆನಿಸಿಲಿನ್' ಔಷಧವೂ ಇದೇ ಮೂಲಕ್ಕೆ ಸೇರಿದೆ. 'ಪೆನ್' ಎಂಬುದಕ್ಕೆ ಮೂಲವಾದ ಲ್ಯಾಟಿನ್ ಪದ 'ಪೆನ್ನ', ಅಂದರೆ ಹಕ್ಕಿಯ ಗರಿ. ಕೇಳಲು ಒಂದೇ ಬಗೆಯಾಗಿದ್ದರೂ ಈ ಎರಡು ಪದಗಳ ಹುಟ್ಟು ಬೇರೆ ಬೇರೆ.

ಕನ್ನಡದ 'ಸೀಸದ ಕಡ್ಡಿ' ಎಂಬ ಹೆಸರು ಒಂದು ಹಳೆಯ ತಪ್ಪು ಗ್ರಹಿಕೆಯನ್ನು ಉಳಿಸಿಕೊಂಡಿದೆ. ರೋಮನ್ನರ ಕಾಲದಿಂದಲೂ ಯುರೋಪಿನಲ್ಲಿ ಸೀಸದ ತುಂಡಿನಿಂದ ಗೆರೆ ಎಳೆಯುವ ರೂಢಿಯಿತ್ತು. ಮುಂದೆ ಗ್ರಾಫೈಟ್ ದೊರೆತಾಗ ಅದನ್ನು ಸೀಸದ ಒಂದು ಬಗೆಯೆಂದು ಭಾವಿಸಿ 'ಕಪ್ಪು ಸೀಸ' ಎಂದು ಕರೆದರು. ಜರ್ಮನ್ ಭಾಷೆಯಲ್ಲಿ ಇಂದಿಗೂ ಪೆನ್ಸಿಲ್ಲಿಗೆ 'ಬ್ಲೈಷ್ಟಿಫ್ಟ್', ಅಂದರೆ ಸೀಸದ ಕಡ್ಡಿ ಎಂದೇ ಹೆಸರು. ಈ ವಸ್ತುವು ಇಂಗಾಲದ ಒಂದು ರೂಪವೆಂಬುದನ್ನು ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಷೀಲೆ 1779ರಲ್ಲಿ ತೋರಿಸಿಕೊಟ್ಟನು. 1789ರಲ್ಲಿ ಜರ್ಮನ್ ಭೂವಿಜ್ಞಾನಿ ಅಬ್ರಹಾಂ ಗೊಟ್ಲೋಬ್ ವೆರ್ನರ್ 'ಬರೆ' ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಇದಕ್ಕೆ 'ಗ್ರಾಫೈಟ್' ಎಂಬ ಹೆಸರನ್ನಿಟ್ಟನು. ಅಷ್ಟು ಹೊತ್ತಿಗೆ ಹಳೆಯ ಹೆಸರು ಜನರ ನಾಲಗೆಯಲ್ಲಿ ನೆಲೆಯೂರಿತ್ತು.

ಇತಿಹಾಸ

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಂಬರ್‌ಲೆಂಡ್ ಪ್ರದೇಶದ ಬಾರೋಡೇಲ್ ಕಣಿವೆಯಲ್ಲಿ ಅತ್ಯಂತ ಶುದ್ಧವಾದ ಗ್ರಾಫೈಟ್ ನಿಕ್ಷೇಪ ಪತ್ತೆಯಾಯಿತು. ಅಲ್ಲಿಯ ಕುರುಬರು ತಮ್ಮ ಕುರಿಗಳಿಗೆ ಗುರುತು ಹಾಕಲು ಇದನ್ನು ಬಳಸುತ್ತಿದ್ದರೆಂಬ ಪ್ರತೀತಿಯಿದೆ. ಈ ಗ್ರಾಫೈಟ್ ಗಟ್ಟಿಯಾದ ಗಡ್ಡೆಗಳ ರೂಪದಲ್ಲಿದ್ದುದರಿಂದ ಅದನ್ನು ಗರಗಸದಿಂದ ನೇರವಾಗಿ ಕಡ್ಡಿಗಳನ್ನಾಗಿ ಕೊಯ್ಯಬಹುದಾಗಿತ್ತು. ಕೈಗೆ ಮಸಿ ಹತ್ತದಂತೆ ಈ ಕಡ್ಡಿಗಳಿಗೆ ದಾರ ಸುತ್ತುತ್ತಿದ್ದರು. ಅನಂತರ ಮರದ ಹಿಡಿಕೆಯೊಳಗೆ ಸೇರಿಸತೊಡಗಿದರು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಕಾನ್ರಾಡ್ ಗೆಸ್ನರ್ 1565ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಸಾಧನವೊಂದರ ವರ್ಣನೆ ಮತ್ತು ಚಿತ್ರ ದೊರೆಯುತ್ತವೆ.

ಬಾರೋಡೇಲಿನ ಗ್ರಾಫೈಟ್‌ಗೆ ಇನ್ನೊಂದು ಉಪಯೋಗವೂ ಇತ್ತು. ಫಿರಂಗಿ ಗುಂಡುಗಳನ್ನು ಎರಕ ಹೊಯ್ಯುವ ಅಚ್ಚುಗಳ ಒಳಮೈಗೆ ಅದನ್ನು ಬಳಿಯುತ್ತಿದ್ದರು. ಯುದ್ಧಕ್ಕೂ ಬರವಣಿಗೆಗೂ ಬೇಕಾದ ಈ ವಸ್ತುವಿನ ಬೆಲೆ ಏರಿದಂತೆ ಕಳವೂ ಹೆಚ್ಚಿತು. 1752ರಲ್ಲಿ ಬ್ರಿಟಿಷ್ ಸಂಸತ್ತು ಗಣಿಯಿಂದ ಗ್ರಾಫೈಟ್ ಕದಿಯುವುದನ್ನು ಘೋರ ಅಪರಾಧವೆಂದು ಸಾರುವ ಕಾನೂನನ್ನು ಮಾಡಿತು.

ಜರ್ಮನಿಯ ನ್ಯೂರೆಂಬರ್ಗ್ ನಗರವು ಪೆನ್ಸಿಲ್ ತಯಾರಿಕೆಯ ಎರಡನೆಯ ಕೇಂದ್ರವಾಗಿ ಬೆಳೆಯಿತು. 1662ರಷ್ಟು ಹಿಂದೆಯೇ ಫ್ರೀಡ್ರಿಷ್ ಷ್ಟೆಡ್ಲರ್ ಎಂಬ ಪೆನ್ಸಿಲ್ ಕುಶಲಕರ್ಮಿಯ ಹೆಸರು ಆ ನಗರದ ದಾಖಲೆಗಳಲ್ಲಿ ಕಾಣಿಸುತ್ತದೆ. ಅದರ ಸಮೀಪದ ಷ್ಟೈನ್ ಎಂಬ ಊರಿನಲ್ಲಿ ಕಾಸ್ಪರ್ ಫಾಬರ್ 1761ರಲ್ಲಿ ಪೆನ್ಸಿಲ್ ತಯಾರಿಸಲು ಆರಂಭಿಸಿದನು. ಇಂದಿನ ಫೇಬರ್-ಕ್ಯಾಸ್ಟೆಲ್ ಸಂಸ್ಥೆಯ ಮೂಲ ಇದೇ ಆಗಿದೆ.

ಇಂದು ಬಳಕೆಯಲ್ಲಿರುವ ಪೆನ್ಸಿಲ್ಲಿನ ಹುಟ್ಟಿಗೆ ಒಂದು ಅಭಾವವೇ ಕಾರಣ. ಫ್ರಾನ್ಸಿನ ಮಹಾಕ್ರಾಂತಿಯ ಬಳಿಕ ಆ ದೇಶಕ್ಕೂ ಬ್ರಿಟನ್ನಿಗೂ ಯುದ್ಧ ನಡೆದು, ಬಾರೋಡೇಲಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತುಹೋಯಿತು. ಆಗ ಯುದ್ಧ ವ್ಯವಹಾರಗಳ ಹೊಣೆ ಹೊತ್ತಿದ್ದ ಲಾಜಾರ್ ಕಾರ್ನೊ, ಪರ್ಯಾಯವೊಂದನ್ನು ಕಂಡುಹಿಡಿಯಲು ನಿಕೊಲಾಸ್-ಜಾಕ್ ಕಾಂಟೆ ಎಂಬ ಚಿತ್ರಕಾರ ಹಾಗೂ ತಂತ್ರಜ್ಞನಿಗೆ ಸೂಚಿಸಿದನು. ಕಾಂಟೆಯು ಕೀಳುದರ್ಜೆಯ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಮತ್ತು ನೀರನ್ನು ಬೆರೆಸಿ, ಕಡ್ಡಿ ಮಾಡಿ, ಕುಲುಮೆಯಲ್ಲಿ ಸುಟ್ಟನು. 1795ರಲ್ಲಿ ಈ ವಿಧಾನಕ್ಕೆ ಅವನಿಗೆ ಹಕ್ಕುಸ್ವಾಮ್ಯ ದೊರೆಯಿತು. ಅಪರೂಪದ ಗಣಿಯೊಂದರ ಮೇಲಿನ ಅವಲಂಬನೆ ಇದರಿಂದ ತಪ್ಪಿತು. ಅಷ್ಟೇ ಅಲ್ಲದೆ, ಮಣ್ಣಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ ಬೇಕಾದ ಗಡಸುತನದ ಕಡ್ಡಿಯನ್ನು ಪಡೆಯುವುದೂ ಸಾಧ್ಯವಾಯಿತು. ಇದೇ ವಿಧಾನ ಇಂದಿಗೂ ಮುಂದುವರಿದಿದೆ.

ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಥೋರೊ ಕುಟುಂಬವು ಉತ್ತಮ ಪೆನ್ಸಿಲ್‌ಗಳಿಗೆ ಹೆಸರಾಗಿತ್ತು. 'ವಾಲ್ಡನ್' ಕೃತಿಯ ಕರ್ತೃ ಹೆನ್ರಿ ಡೇವಿಡ್ ಥೋರೊ ತನ್ನ ತಂದೆಯ ಈ ಉದ್ಯಮದಲ್ಲಿ ದುಡಿದು, ಗ್ರಾಫೈಟನ್ನು ನುಣ್ಣಗೆ ಪುಡಿಮಾಡುವ ವಿಧಾನವನ್ನು ಸುಧಾರಿಸಿದನು.

ಹಳದಿ ಬಣ್ಣದ ಪೆನ್ಸಿಲ್ ಜನಪ್ರಿಯವಾಗಲು ಆಸ್ಟ್ರಿಯಾ-ಹಂಗೇರಿಯ ಹಾರ್ಟ್‌ಮೂತ್ ಸಂಸ್ಥೆ ಕಾರಣವಾಯಿತು. ಅದು 1889ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ತನ್ನ ಶ್ರೇಷ್ಠ ದರ್ಜೆಯ ಹಳದಿ ಪೆನ್ಸಿಲ್ಲನ್ನು ಪ್ರದರ್ಶಿಸಿತು. ಭಾರತದಿಂದ ಬ್ರಿಟಿಷ್ ರಾಜಮನೆತನದ ವಶಕ್ಕೆ ಹೋಗಿದ್ದ ವಜ್ರದ ಹೆಸರನ್ನೇ ಅದಕ್ಕೆ ಇಟ್ಟು 'ಕೊಹಿನೂರ್' ಎಂದು ಕರೆದಿತ್ತು. ವಜ್ರವೂ ಗ್ರಾಫೈಟೂ ಶುದ್ಧ ಇಂಗಾಲದ ಎರಡು ರೂಪಗಳೆಂಬುದು ಈ ಹೆಸರಿಗೆ ಇನ್ನಷ್ಟು ಅರ್ಥವನ್ನು ತಂದಿತು.

ತಯಾರಿಕೆ

ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣನ್ನು ನೀರಿನೊಂದಿಗೆ ದೀರ್ಘಕಾಲ ಅರೆದು ಹದವಾದ ಕಣಕವನ್ನು ತಯಾರಿಸುತ್ತಾರೆ. ಶ್ಯಾವಿಗೆ ಒತ್ತುವಂತೆ ಇದನ್ನು ಸಣ್ಣ ರಂಧ್ರದ ಮೂಲಕ ಒತ್ತಿ ಉದ್ದನೆಯ ಎಳೆಗಳನ್ನು ತೆಗೆದು, ಬೇಕಾದ ಅಳತೆಗೆ ಕತ್ತರಿಸಿ ಒಣಗಿಸುತ್ತಾರೆ. ಬಳಿಕ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಸುಟ್ಟಾಗ ಮಣ್ಣು ಗಟ್ಟಿಯಾಗಿ ಕಡ್ಡಿಗೆ ಬಲ ಬರುತ್ತದೆ. ಕೊನೆಯಲ್ಲಿ ಕಡ್ಡಿಗಳನ್ನು ಬಿಸಿ ಮೇಣದಲ್ಲಿ ಅದ್ದುತ್ತಾರೆ. ಮೇಣವು ಸೂಕ್ಷ್ಮ ರಂಧ್ರಗಳನ್ನು ತುಂಬಿ, ಬರೆಯುವಾಗ ಕಡ್ಡಿಯು ಕಾಗದದ ಮೇಲೆ ನಯವಾಗಿ ಜಾರುವಂತೆ ಮಾಡುತ್ತದೆ.

ಮರದ ಕವಚಕ್ಕಾಗಿ ತೆಳುವಾದ ಹಲಗೆಪಟ್ಟಿಗಳಲ್ಲಿ ಸಮಾನಾಂತರವಾದ ಅರ್ಧವೃತ್ತಾಕಾರದ ತೋಡುಗಳನ್ನು ಕೊರೆಯುತ್ತಾರೆ. ಒಂದು ಪಟ್ಟಿಯ ತೋಡುಗಳಲ್ಲಿ ಕಡ್ಡಿಗಳನ್ನಿಟ್ಟು, ಅಂಟು ಹಚ್ಚಿ, ಅಂತಹುದೇ ಇನ್ನೊಂದು ಪಟ್ಟಿಯನ್ನು ಮೇಲೆ ಕೂರಿಸಿ ಒತ್ತುತ್ತಾರೆ. ಅಂಟು ಒಣಗಿದ ಮೇಲೆ ಯಂತ್ರವು ಈ ಜೋಡಿಪಟ್ಟಿಯನ್ನು ಬಿಡಿ ಪೆನ್ಸಿಲ್‌ಗಳನ್ನಾಗಿ ಸೀಳುತ್ತದೆ. ಹೊರಮೈಗೆ ಹಲವು ಸಲ ಬಣ್ಣ ಬಳಿದು, ದರ್ಜೆ ಮತ್ತು ಹೆಸರನ್ನು ಅಚ್ಚೊತ್ತುತ್ತಾರೆ.

ಷಟ್ಕೋನಾಕೃತಿಯ ಪೆನ್ಸಿಲ್ ಮೇಜಿನ ಮೇಲಿಂದ ಉರುಳಿ ಬೀಳುವುದಿಲ್ಲ. ಅಲ್ಲದೆ ಎಂಟು ದುಂಡು ಪೆನ್ಸಿಲ್‌ಗಳಿಗೆ ಬೇಕಾಗುವಷ್ಟು ಮರದಲ್ಲಿ ಒಂಬತ್ತು ಷಟ್ಕೋನ ಪೆನ್ಸಿಲ್‌ಗಳನ್ನು ಮಾಡಬಹುದು. ಕೈತಪ್ಪಿ ನೆಲಕ್ಕೆ ಬಿದ್ದ ಪೆನ್ಸಿಲ್ಲಿನ ಕಡ್ಡಿಯು ಒಳಗೇ ಹಲವೆಡೆ ಮುರಿದಿರಬಹುದಾದ್ದರಿಂದ, ಹೆರೆದಷ್ಟೂ ಮೊನೆ ಕಳಚಿ ಬೀಳುತ್ತದೆ. ಕಡ್ಡಿಯನ್ನು ಮರಕ್ಕೆ ಉದ್ದಕ್ಕೂ ಭದ್ರವಾಗಿ ಅಂಟಿಸಿದ ಪೆನ್ಸಿಲ್‌ಗಳಲ್ಲಿ ಈ ತೊಂದರೆ ಕಡಿಮೆ.

ಗಡಸುತನದ ದರ್ಜೆಗಳು

ಪೆನ್ಸಿಲ್ಲಿನ ಮೇಲೆ ಅಚ್ಚಾಗಿರುವ ಅಕ್ಷರಗಳು ಅದರ ಗಡಸುತನವನ್ನು ಸೂಚಿಸುತ್ತವೆ. 'ಎಚ್' ಎಂಬುದು ಗಡಸುತನವನ್ನೂ 'ಬಿ' ಎಂಬುದು ಕಪ್ಪುತನವನ್ನೂ ತಿಳಿಸುವ ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಡಸಾಗಿ ಗೆರೆ ತೆಳುವಾಗುತ್ತದೆ. ಗ್ರಾಫೈಟ್ ಹೆಚ್ಚಾದಷ್ಟೂ ಕಡ್ಡಿ ಮೃದುವಾಗಿ ಗೆರೆ ಕಪ್ಪಾಗುತ್ತದೆ. ಸಾಮಾನ್ಯವಾಗಿ ದೊರೆಯುವ ದರ್ಜೆಗಳ ಬಳಕೆ ಹೀಗಿದೆ:

- 4ಎಚ್ ಮತ್ತು ಅದಕ್ಕಿಂತ ಗಡಸು: ನಕ್ಷೆ ಹಾಗೂ ತಾಂತ್ರಿಕ ಚಿತ್ರಗಳ ಸೂಕ್ಷ್ಮ ಗೆರೆಗಳಿಗೆ. ಒತ್ತಿ ಬರೆದರೆ ಕಾಗದದಲ್ಲಿ ಅಚ್ಚು ಮೂಡುತ್ತದೆ.
- 2ಎಚ್ ಮತ್ತು ಎಚ್: ಜ್ಯಾಮಿತಿಯ ರಚನೆಗಳಿಗೆ, ಕೈವಾರಕ್ಕೆ ಮತ್ತು ನಕ್ಷೆಯ ಪ್ರಾಥಮಿಕ ಗೆರೆಗಳಿಗೆ.
- ಎಚ್‌ಬಿ: ದಿನನಿತ್ಯದ ಬರವಣಿಗೆಗೆ. ಅಮೆರಿಕದಲ್ಲಿ 'ಎರಡನೆಯ ಸಂಖ್ಯೆ' ಎಂದು ಕರೆಯುವ ಪೆನ್ಸಿಲ್ ಹೆಚ್ಚುಕಡಿಮೆ ಇದಕ್ಕೆ ಸಮಾನವಾದುದು.
- ಬಿ ಮತ್ತು 2ಬಿ: ಒತ್ತಡ ಹಾಕದೆ ಕಪ್ಪಾಗಿ ಬರೆಯಲು ಹಾಗೂ ಚಿತ್ರದ ರೂಪುರೇಖೆಗೆ.
- 4ಬಿ, 6ಬಿ ಮತ್ತು ಅದಕ್ಕಿಂತ ಮೃದು: ಚಿತ್ರಗಳಲ್ಲಿ ನೆರಳು ತುಂಬಲು. ಇವು ಬೇಗ ಸವೆಯುತ್ತವೆ ಮತ್ತು ಕೈ ತಾಗಿದರೆ ಹರಡುತ್ತವೆ.

ಎಚ್ ಮತ್ತು ಎಚ್‌ಬಿಗಳ ನಡುವೆ 'ಎಫ್' ಎಂಬ ದರ್ಜೆಯೂ ಇದೆ. ಈ ದರ್ಜೆಗಳ ಅಳತೆಯಲ್ಲಿ ತಯಾರಕರ ನಡುವೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಒಂದು ಸಂಸ್ಥೆಯ ಎಚ್‌ಬಿ ಇನ್ನೊಂದರ ಬಿ ದರ್ಜೆಯಷ್ಟು ಕಪ್ಪಾಗಿರಬಹುದು. ಬಣ್ಣ ಬಳಿದ ಮೈಗಳ ಗಡಸುತನವನ್ನು ಪರೀಕ್ಷಿಸಲು ಕೈಗಾರಿಕೆಗಳಲ್ಲಿ ಇದೇ ಪೆನ್ಸಿಲ್ ದರ್ಜೆಗಳನ್ನು ಅಳತೆಗೋಲಾಗಿ ಬಳಸುವುದುಂಟು.

ಗುರುತು ಮೂಡುವ ಮತ್ತು ಅಳಿಯುವ ಬಗೆ

ಗ್ರಾಫೈಟ್‌ನಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನಂತಹ ಷಟ್ಕೋನ ಜಾಲಗಳಾಗಿ ಹೆಣೆದುಕೊಂಡು ಪದರ ಪದರವಾಗಿರುತ್ತವೆ. ಒಂದೇ ಪದರದೊಳಗಿನ ಬಂಧ ಬಲವಾದುದು; ಪದರಗಳ ನಡುವಿನ ಬಂಧ ದುರ್ಬಲವಾದುದು. ಕಾಗದದ ಒರಟು ಮೈಗೆ ಕಡ್ಡಿ ಉಜ್ಜಿದಾಗ ಪದರಗಳು ಜಾರಿ ಕಳಚಿ ಕಾಗದದ ನಾರುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಶಾಯಿಯು ಕಾಗದದೊಳಗೆ ಇಂಗುತ್ತದೆ. ಗ್ರಾಫೈಟ್ ಮೇಲ್ಮೈಯಲ್ಲಿಯೇ ಉಳಿಯುತ್ತದೆ. ರಬ್ಬರಿನಿಂದ ಉಜ್ಜಿದಾಗ ಗ್ರಾಫೈಟ್ ಕಣಗಳು ಕಾಗದಕ್ಕಿಂತ ಹೆಚ್ಚಾಗಿ ರಬ್ಬರಿಗೆ ಅಂಟಿಕೊಂಡು ಮೇಲೆದ್ದು ಬರುತ್ತವೆ. ನುಣುಪಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಣಗಳು ಸಿಕ್ಕಿಕೊಳ್ಳಲು ಒರಟುತನವಿಲ್ಲದ ಕಾರಣ ಸಾಮಾನ್ಯ ಪೆನ್ಸಿಲ್ ಅಲ್ಲಿ ಬರೆಯುವುದಿಲ್ಲ.

ಪೆನ್ಸಿಲ್ಲಿನ ಗೆರೆಯಂತಹ ಸಾಮಾನ್ಯ ವಸ್ತುವೇ ಇಪ್ಪತ್ತೊಂದನೆಯ ಶತಮಾನದ ಒಂದು ಪ್ರಮುಖ ಸಂಶೋಧನೆಗೆ ದಾರಿಯಾಯಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರು ಅಂಟುಪಟ್ಟಿಯನ್ನು ಗ್ರಾಫೈಟ್‌ಗೆ ಹಚ್ಚಿ ಕಿತ್ತು, ಒಂದೇ ಪರಮಾಣುವಿನಷ್ಟು ದಪ್ಪದ ಪದರವನ್ನು ಬೇರ್ಪಡಿಸಿ 2004ರಲ್ಲಿ ಅದರ ವಿವರ ಪ್ರಕಟಿಸಿದರು. 'ಗ್ರಾಫೀನ್' ಎಂಬ ಈ ವಸ್ತುವಿನ ಕುರಿತ ಪ್ರಯೋಗಗಳಿಗಾಗಿ ಅವರಿಗೆ 2010ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ವಿಧಗಳು

ಬಣ್ಣದ ಪೆನ್ಸಿಲ್: ಇದರ ಕಡ್ಡಿಯಲ್ಲಿ ಗ್ರಾಫೈಟ್ ಇರುವುದಿಲ್ಲ. ಬಣ್ಣದ ಪುಡಿ, ಮೇಣ ಅಥವಾ ಎಣ್ಣೆ ಮತ್ತು ಅಂಟುಪದಾರ್ಥಗಳಿಂದ ಇದನ್ನು ಮಾಡುತ್ತಾರೆ. ಕುಲುಮೆಯಲ್ಲಿ ಸುಡುವುದಿಲ್ಲವಾದ್ದರಿಂದ ಕಡ್ಡಿ ಮೃದುವಾಗಿರುತ್ತದೆ. ಮೇಣವಿರುವುದರಿಂದ ಗುರುತು ಪೂರ್ತಿಯಾಗಿ ಅಳಿಯುವುದಿಲ್ಲ.

ಯಾಂತ್ರಿಕ ಪೆನ್ಸಿಲ್: ಲೋಹ ಅಥವಾ ಪ್ಲಾಸ್ಟಿಕ್ ಕೊಳವೆಯೊಳಗಿನ ತೆಳು ಕಡ್ಡಿಯನ್ನು ಗುಂಡಿ ಒತ್ತಿ ಮುಂದಕ್ಕೆ ತಳ್ಳುವ ಸಾಧನ. ಇಂಗ್ಲೆಂಡಿನಲ್ಲಿ ಸ್ಯಾಂಪ್ಸನ್ ಮಾರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ 1822ರಲ್ಲಿ ಇಂತಹ ಪೆನ್ಸಿಲ್ಲಿಗೆ ಹಕ್ಕುಸ್ವಾಮ್ಯ ಪಡೆದರು. ಅಂಗಡಿಗಳಲ್ಲಿ 'ಲೆಡ್' ಎಂಬ ಹೆಸರಿನಲ್ಲಿ ದೊರೆಯುವ ಇದರ ಕಡ್ಡಿಗಳು 0.5 ಮತ್ತು 0.7 ಮಿಲಿಮೀಟರ್ ದಪ್ಪದಲ್ಲಿ ಹೆಚ್ಚು ಬಳಕೆಯಲ್ಲಿವೆ. ಹೆರೆಯುವ ಅಗತ್ಯವಿಲ್ಲದಿರುವುದು ಮತ್ತು ಗೆರೆಯ ದಪ್ಪ ಬದಲಾಗದಿರುವುದು ಇದರ ಅನುಕೂಲ. ಒತ್ತಿ ಬರೆಯುವ ಮಕ್ಕಳ ಕೈಯಲ್ಲಿ 0.5ರ ಕಡ್ಡಿ ಬೇಗ ಮುರಿಯುತ್ತದೆ.

ಬಡಗಿಯ ಪೆನ್ಸಿಲ್: ಇಳಿಜಾರಿನ ಹಲಗೆಯ ಮೇಲಿಟ್ಟರೂ ಉರುಳದಂತೆ ಚಪ್ಪಟೆಯಾಗಿ ಮಾಡಿದ ಪೆನ್ಸಿಲ್. ಇದರ ದಪ್ಪನೆಯ ಕಡ್ಡಿಯನ್ನು ಉಳಿ ಅಥವಾ ಚಾಕುವಿನಿಂದ ಹೆರೆಯುತ್ತಾರೆ.

ಮೇಣದ ಪೆನ್ಸಿಲ್: ಗಾಜು, ಪಿಂಗಾಣಿ, ಲೋಹ ಮುಂತಾದ ನುಣುಪು ಮೈಗಳ ಮೇಲೆ ಬರೆಯುವಂತಹುದು.

ಶಾಯಿ ಪೆನ್ಸಿಲ್: ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಈ ಪೆನ್ಸಿಲ್ಲಿನ ಕಡ್ಡಿಯಲ್ಲಿ ಗ್ರಾಫೈಟ್ ಜೊತೆಗೆ ನೀರಿನಲ್ಲಿ ಕರಗುವ ನೇರಳೆ ವರ್ಣದ್ರವ್ಯವಿರುತ್ತಿತ್ತು. ನೀರು ತಾಗಿದೊಡನೆ ಬರಹವು ಶಾಯಿಯಂತೆ ಇಂಗಿ ಅಳಿಸಲಾಗದಂತಾಗುತ್ತಿತ್ತು. ಬಾಲ್‌ಪಾಯಿಂಟ್ ಪೆನ್ನು ಹರಡಿದ ಮೇಲೆ ಇದು ಮರೆಯಾಯಿತು.

ರಬ್ಬರ್ ಮತ್ತು ಮೆಂಡರ್

ರಬ್ಬರ್ ಬರುವ ಮೊದಲು ಪೆನ್ಸಿಲ್ ಗುರುತನ್ನು ಬ್ರೆಡ್ಡಿನ ಚೂರಿನಿಂದ ಉಜ್ಜಿ ತೆಗೆಯುತ್ತಿದ್ದರು. 1770ರಲ್ಲಿ ಲಂಡನ್ನಿನ ಉಪಕರಣ ತಯಾರಕ ಎಡ್ವರ್ಡ್ ನೇರ್ನ್ ಇದಕ್ಕಾಗಿ ರಬ್ಬರಿನ ತುಂಡುಗಳನ್ನು ಮಾರುತ್ತಿದ್ದನು. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅದೇ ವರ್ಷ ಈ ಗುಣವನ್ನು ದಾಖಲಿಸಿದನು. ತುದಿಯಲ್ಲಿಯೇ ರಬ್ಬರಿರುವ ಪೆನ್ಸಿಲ್ಲಿಗೆ ಅಮೆರಿಕದ ಹೈಮನ್ ಲಿಪ್ಮನ್ 1858ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಆದರೆ ಇದು ಮೊದಲೇ ಇದ್ದ ಎರಡು ವಸ್ತುಗಳ ಜೋಡಣೆಯಷ್ಟೇ ಹೊರತು ಹೊಸ ಆವಿಷ್ಕಾರವಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1875ರಲ್ಲಿ ತೀರ್ಪಿತ್ತು ಆ ಹಕ್ಕನ್ನು ತಳ್ಳಿಹಾಕಿತು.

ಚಾಕುವಿನಿಂದ ಹೆರೆಯುತ್ತಿದ್ದ ಪೆನ್ಸಿಲ್ಲಿಗೆ ಪ್ರತ್ಯೇಕ ಸಾಧನವೊಂದನ್ನು ರೂಪಿಸಿ ಫ್ರಾನ್ಸಿನ ಬರ್ನಾರ್ಡ್ ಲಾಸಿಮೋನ್ 1828ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಕನ್ನಡನಾಡಿನ ಶಾಲಾಮಕ್ಕಳು 'ಮೆಂಡರ್' ಎಂದು ಕರೆಯುವ ಶಾರ್ಪನರ್ ಈ ಬಗೆಯ ಸಾಧನಗಳ ಮುಂದುವರಿದ ರೂಪವಾಗಿದೆ. ಮೆಂಡರಿನ ಅಲಗು ಮೊಂಡಾಗಿದ್ದರೆ ಮರವು ಕೊಯ್ಯುವ ಬದಲು ಹರಿಯುತ್ತದೆ. ಆಗ ಒಳ್ಳೆಯ ಪೆನ್ಸಿಲ್ಲಿನ ಮೊನೆಯೂ ಮುರಿಯುತ್ತದೆ.

ಬಳಕೆ: ಪೆನ್ಸಿಲ್ ಎಲ್ಲಿ, ಪೆನ್ನು ಎಲ್ಲಿ

ಕರಡು ಬರಹ, ಲೆಕ್ಕ, ನಕ್ಷೆ, ಅಂದಾಜುಪಟ್ಟಿ ಮುಂತಾಗಿ ತಿದ್ದುಪಡಿ ನಿರೀಕ್ಷಿತವಾಗಿರುವ ಕೆಲಸಗಳಿಗೆ ಪೆನ್ಸಿಲ್ ಸೂಕ್ತ. ಚೆಕ್ಕು, ಕರಾರುಪತ್ರ, ಹಾಜರಿ ಪುಸ್ತಕ ಮೊದಲಾದ, ಬೇರೊಬ್ಬರು ತಿದ್ದಬಾರದ ದಾಖಲೆಗಳಿಗೆ ಪೆನ್ನನ್ನೇ ಬಳಸುವುದು ರೂಢಿ. ಇಲ್ಲಿ ಪೆನ್ಸಿಲ್ಲಿನ ಕೊರತೆಯೆಂದರೆ ಗುರುತು ಬಾಳದಿರುವುದಲ್ಲ. ಅಳಿಸಿದುದಕ್ಕೆ ಸ್ಪಷ್ಟವಾದ ಸುಳಿವು ಉಳಿಯದಿರಬಹುದೆಂಬುದು.

ಬಾಳಿಕೆಯ ದೃಷ್ಟಿಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ಅನೇಕ ಪೆನ್ನು ಮತ್ತು ಮಾರ್ಕರ್‌ಗಳ ಶಾಯಿಯಲ್ಲಿರುವ ವರ್ಣದ್ರವ್ಯಗಳು ಬೆಳಕಿಗೆ ಮಾಸುತ್ತವೆ. ನೀರು ಆಧಾರಿತ ಶಾಯಿಯು ಒದ್ದೆಯಾದರೆ ಹರಡುತ್ತದೆ. ಮಾರ್ಕರ್ ಶಾಯಿಯು ತೆಳು ಕಾಗದದ ಹಿಂಬದಿಗೂ ಇಳಿಯುತ್ತದೆ. ಹಳೆಯ ಛಾಯಾಚಿತ್ರದ ಹಿಂಬದಿಯಲ್ಲಿ ಹೆಸರು ಮತ್ತು ವರ್ಷ ಬರೆಯಲು ಮೃದುವಾದ ಪೆನ್ಸಿಲ್ಲನ್ನು ಶಿಫಾರಸು ಮಾಡುವುದು ಈ ಕಾರಣದಿಂದಲೇ. ಅಪರೂಪದ ಹಸ್ತಪ್ರತಿಗಳನ್ನು ಕಾಯ್ದಿಡುವ ಅನೇಕ ಪತ್ರಾಗಾರಗಳ ವಾಚನಾಲಯಗಳಲ್ಲಿ ಓದುಗರಿಗೆ ಟಿಪ್ಪಣಿ ಬರೆದುಕೊಳ್ಳಲು ಪೆನ್ಸಿಲ್‌ಗೆ ಮಾತ್ರ ಅನುಮತಿಯಿರುತ್ತದೆ. ಆಕಸ್ಮಿಕವಾಗಿ ಗುರುತು ಬಿದ್ದರೂ ಪ್ರತಿಗೆ ಶಾಶ್ವತ ಹಾನಿಯಾಗುವುದಿಲ್ಲ. ಮಳೆಯಲ್ಲಿ ಕ್ಷೇತ್ರಕಾರ್ಯ ಮಾಡುವ ಸಸ್ಯವಿಜ್ಞಾನಿಗಳೂ ಪೆನ್ಸಿಲ್ಲನ್ನು ನೆಚ್ಚಿಕೊಂಡಿದ್ದಾರೆ.

ಗ್ರಾಫೈಟ್ ವಿದ್ಯುದ್ವಾಹಕವಾಗಿದೆ. ಐಬಿಎಂ ಸಂಸ್ಥೆ 1938ರಲ್ಲಿ ಹೊರತಂದ ಉತ್ತರಪತ್ರಿಕೆ ಪರೀಕ್ಷಿಸುವ ಯಂತ್ರವು ಪೆನ್ಸಿಲ್ ಗುರುತಿನ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು ಅಂಕ ನೀಡುತ್ತಿತ್ತು. ಈಗಿನ ಯಂತ್ರಗಳು ಬೆಳಕಿನ ನೆರವಿನಿಂದ ಗುರುತನ್ನು ಓದುತ್ತವೆ. ಭಾರತದ ಅನೇಕ ಪ್ರವೇಶ ಪರೀಕ್ಷೆಗಳಲ್ಲಿ ಉತ್ತರದ ವೃತ್ತಗಳನ್ನು ಬಾಲ್‌ಪಾಯಿಂಟ್ ಪೆನ್ನಿನಿಂದಲೇ ತುಂಬಬೇಕೆಂಬ ನಿಯಮವಿದೆ. ಇಂತಹ ಪರೀಕ್ಷೆಗಳಲ್ಲಿ ಪೆನ್ಸಿಲ್ ಬಳಸಿದರೆ ಉತ್ತರ ಪರಿಗಣನೆಗೆ ಬಾರದಿರಬಹುದು.

ಭಾರತದಲ್ಲಿ

ಹಿಂದೂಸ್ತಾನ್ ಪೆನ್ಸಿಲ್ಸ್ ಸಂಸ್ಥೆಯು 1958ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದರ 'ನಟರಾಜ' ಮತ್ತು 'ಅಪ್ಸರಾ' ಪೆನ್ಸಿಲ್‌ಗಳು ದೇಶದ ಶಾಲಾಮಕ್ಕಳಿಗೆ ಚಿರಪರಿಚಿತವಾಗಿವೆ. ಶಾಯಿ ತಯಾರಿಕೆಯಿಂದ 1931ರಲ್ಲಿ ಆರಂಭಗೊಂಡ ಕ್ಯಾಮ್ಲಿನ್ ಸಂಸ್ಥೆಯೂ ಪೆನ್ಸಿಲ್ ಮತ್ತು ಜಾಮಿಟ್ರಿ ಬಾಕ್ಸ್‌ಗಳಿಗೆ ಹೆಸರಾಗಿದೆ.

ಪೆನ್ಸಿಲ್ಲಿಗೆ ಬೇಕಾದ ಮರವು ಮೃದುವಾಗಿರಬೇಕು, ನೇರವಾದ ಎಳೆಯನ್ನು ಹೊಂದಿರಬೇಕು ಮತ್ತು ಸಿಬಿರೇಳದೆ ಹೆರೆಯುವಂತಿರಬೇಕು. ಅಮೆರಿಕದಲ್ಲಿ ಮೊದಲು ಪೂರ್ವ ಭಾಗದ ಕೆಂಪು ಸೀಡರ್ ಮರವನ್ನು ಬಳಸುತ್ತಿದ್ದರು. ಅದು ವಿರಳವಾದ ಮೇಲೆ ಕ್ಯಾಲಿಫೋರ್ನಿಯಾದ ಸುಗಂಧ ಸೀಡರ್ ಮರಕ್ಕೆ ಮೊರೆಹೋದರು. ಭಾರತದಲ್ಲಿ ಈ ಉದ್ಯಮಕ್ಕೆ ಕಾಶ್ಮೀರದ ಪಾಪ್ಲರ್ ಮರವೇ ಮುಖ್ಯ ಆಸರೆ. ಪುಲ್ವಾಮಾ ಜಿಲ್ಲೆಯ ಉಖೂ ಗ್ರಾಮದಲ್ಲಿ ಪಾಪ್ಲರ್ ದಿಮ್ಮಿಗಳಿಂದ ಹಲಗೆಪಟ್ಟಿಗಳನ್ನು ಮಾಡಿ ಇತರ ರಾಜ್ಯಗಳ ಕಾರ್ಖಾನೆಗಳಿಗೆ ಕಳುಹಿಸುತ್ತಾರೆ. 2020ರ ಅಕ್ಟೋಬರ್ ತಿಂಗಳ 'ಮನ್ ಕಿ ಬಾತ್' ಭಾಷಣದಲ್ಲಿ ಪ್ರಧಾನಮಂತ್ರಿಗಳು ಪುಲ್ವಾಮಾದ ಈ ಉದ್ಯಮವನ್ನು ಪ್ರಸ್ತಾಪಿಸಿದ ಮೇಲೆ ಉಖೂ 'ಪೆನ್ಸಿಲ್ ಗ್ರಾಮ'ವೆಂದು ಪ್ರಸಿದ್ಧವಾಯಿತು. ಮರ ನೆಟ್ಟು ಬೆಳೆಸುವುದು ಕಡಿಯುವುದರ ಜೊತೆಗೇ ಸಾಗಿದಾಗ ಮಾತ್ರ ಈ ಉದ್ಯೋಗವೂ ಪೆನ್ಸಿಲ್ಲಿನ ಅಗ್ಗದ ಬೆಲೆಯೂ ಉಳಿಯಬಲ್ಲವು.

ಕರ್ನಾಟಕದಲ್ಲಿ ಪೆನ್ಸಿಲ್ಲಿಗೆ ಮುಂಚಿನ ಅಳಿಸಬಹುದಾದ ಬರಹ

ಅಳಿಸಿ ಬರೆಯುವ ಸೌಕರ್ಯವು ಕನ್ನಡನಾಡಿಗೆ ಪೆನ್ಸಿಲ್ಲಿನಿಂದಲೇ ಬಂದುದಲ್ಲ. ಕಬ್ಬಿಣದ ಕಂಟದಿಂದ ತಾಳೆಗರಿಯಲ್ಲಿ ಕೊರೆದ ಬರಹವನ್ನು ಅಳಿಸುವಂತಿರಲಿಲ್ಲ. ಇದಕ್ಕೆ ಪ್ರತಿಯಾಗಿ ಲೆಕ್ಕಪತ್ರಗಳಿಗೆ 'ಕಡತ'ವೆಂಬ ಬಟ್ಟೆಯ ಪುಸ್ತಕ ಬಳಕೆಯಲ್ಲಿತ್ತು. ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಟ್ಟೆಗೆ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಾಗಿದ್ದರೂ ಜೋಪಾನ ಮಾಡಿದ ಕಡತಗಳು ತಲೆಮಾರುಗಳ ಕಾಲ ಬಾಳಿದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರಗಳಾಗಿ ಒದಗಿವೆ. ಇಂದು ಕಚೇರಿಯ ಫೈಲಿಗೆ ಬಳಸುವ 'ಕಡತ' ಎಂಬ ಪದ ಈ ಹಳೆಯ ಪುಸ್ತಕದ ಹೆಸರೇ ಆಗಿದೆ.

ಬಳಪವೆಂಬುದು ಮೃದುವಾದ ಒಂದು ಬಗೆಯ ಕಲ್ಲು. ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ದೇವಾಲಯಗಳನ್ನು ಕಟ್ಟಿದ ಶಿಲೆಯನ್ನೂ ಬಳಪದ ಕಲ್ಲೆಂದೇ ಕರೆಯುತ್ತಾರೆ. ಕಡತದಿಂದ ಸ್ಲೇಟಿಗೆ ಬಂದ ಬಳಪವು ಇಪ್ಪತ್ತನೆಯ ಶತಮಾನದುದ್ದಕ್ಕೂ ಮಕ್ಕಳ ಮೊದಲ ಲೇಖನ ಸಾಧನವಾಗಿತ್ತು. ಸ್ಲೇಟು-ಬಳಪ, ಅನಂತರ ಪೆನ್ಸಿಲ್, ಕೊನೆಗೆ ಪೆನ್ನು ಎಂಬ ಕ್ರಮವು ಕನ್ನಡ ಶಾಲೆಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ತಪ್ಪನ್ನು ಅಳಿಸಿ ಮತ್ತೆ ಬರೆಯುವ ಅವಕಾಶವನ್ನು ಕಲಿಕೆಯ ಆರಂಭದಲ್ಲಿ ಹೆಚ್ಚಾಗಿ ಕೊಟ್ಟು, ಕೈ ಪಳಗಿದಂತೆ ಕಡಿಮೆ ಮಾಡುವುದು ಈ ಕ್ರಮದ ಒಳಗಿನ ತತ್ತ್ವವಾಗಿದೆ.

ತಪ್ಪು ತಿಳಿವಳಿಕೆಗಳು

- ಪೆನ್ಸಿಲ್ ಚುಚ್ಚಿದರೆ ಸೀಸದ ವಿಷವೇರುತ್ತದೆ ಎಂಬುದು ಸರಿಯಲ್ಲ. ಗ್ರಾಫೈಟ್ ವಿಷವಸ್ತುವಲ್ಲ. ಆದರೆ ಮುರಿದ ಮೊನೆ ಚರ್ಮದೊಳಗೆ ಉಳಿದರೆ ಬೂದುಬಣ್ಣದ ಕಲೆ ನಿಲ್ಲಬಹುದು ಮತ್ತು ಗಾಯಕ್ಕೆ ಸೋಂಕು ತಗಲಬಹುದು. ಕಣ್ಣಿಗೆ ಚುಚ್ಚಿದರೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.
- ಪೆನ್ಸಿಲ್ ಕಚ್ಚುವುದು ನಿರಪಾಯಕರವೆಂಬುದೂ ಪೂರ್ತಿ ನಿಜವಲ್ಲ. ಹಿಂದೆ ಕೆಲವು ಪೆನ್ಸಿಲ್‌ಗಳ ಕಡ್ಡಿಯಲ್ಲಿ ಅಲ್ಲ, ಹೊರಬಣ್ಣದಲ್ಲಿ ಸೀಸದ ಅಂಶವಿರುತ್ತಿತ್ತು.
- ಅಮೆರಿಕವು ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗಾಗಿ ಅಪಾರ ಹಣ ಸುರಿಯಿತು, ಸೋವಿಯತ್ ಒಕ್ಕೂಟವು ಪೆನ್ಸಿಲ್ ಬಳಸಿತು ಎಂಬ ಕತೆ ಪ್ರಚಲಿತವಾಗಿದೆ. ವಾಸ್ತವದಲ್ಲಿ ಮೊದಮೊದಲು ಎರಡೂ ದೇಶಗಳು ಪೆನ್ಸಿಲ್‌ಗಳನ್ನು ಬಳಸಿದವು. ಮುರಿದ ಮೊನೆ ಮತ್ತು ವಿದ್ಯುದ್ವಾಹಕವಾದ ಗ್ರಾಫೈಟ್ ಪುಡಿ ತೇಲಾಡಿ ಉಪಕರಣಗಳಿಗೆ ಹಾನಿ ಮಾಡಬಹುದೆಂಬ ಭಯವಿತ್ತು. ಪಾಲ್ ಫಿಷರ್ ಎಂಬ ಉದ್ಯಮಿ ತನ್ನದೇ ಹಣದಿಂದ ರೂಪಿಸಿದ ಪೆನ್ನನ್ನು 1968ರ ಅಪೊಲೊ 7 ಯಾನದಲ್ಲಿ ಬಳಸಲಾಯಿತು; ಅನಂತರ ಸೋವಿಯತ್ ಒಕ್ಕೂಟವೂ ಅದನ್ನು ಕೊಂಡಿತು.